ಕಾರಿನ ಎಬಿಎಸ್ ದೀಪ ಆರದೆ ಉರಿಯುತ್ತಿದ್ದರೆ ಏನು ಮಾಡಬೇಕು?

ಎಬಿಎಸ್ ಎಂದರೆ ಬ್ರೇಕ್ ಜೋರಾಗಿ ತುಳಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಹಳದಿ ಎಬಿಎಸ್ ದೀಪವೊಂದೇ ಉರಿಯುತ್ತಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದಾಗ ಚಕ್ರಗಳು ಲಾಕ್ ಆಗಿ ಕಾರು ಜಾರಬಹುದು. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಜೊತೆಗೆ ಉರಿದರೆ ದಯವಿಟ್ಟು ಕಾರನ್ನು ಓಡಿಸದೆ ಬ್ರೇಕ್ ಆಯಿಲ್ ಮಟ್ಟವನ್ನು ನೋಡಿ.

ದೋಷವು ಹೆಚ್ಚಾಗಿ ಚಕ್ರದ ವೇಗ ಅಳೆಯುವ ಸೆನ್ಸರ್‌ನಲ್ಲಿರುತ್ತದೆ. ಎಬಿಎಸ್ ದೋಷವನ್ನು ಸೂಚಿಸುವ ಕೋಡ್ ಓದಬಲ್ಲ ಸ್ಕ್ಯಾನರ್ (ಎಂಜಿನ್ ಕೋಡ್ ಮಾತ್ರ ಓದುವಂಥದ್ದು ಸಾಲದು) ಯಾವ ಚಕ್ರವೆಂದು ತಿಳಿಸುತ್ತದೆ. ಸಿ0035 ಎಂದರೆ ಸಾಮಾನ್ಯವಾಗಿ ಎಡ ಮುಂಚಕ್ರ. ಹೊಸ ಸೆನ್ಸರ್ ಕೊಳ್ಳುವ ಮೊದಲು ಅದರ ತುದಿಗೆ ಅಂಟಿದ ಕೆಸರನ್ನೂ ಕಬ್ಬಿಣದ ಪುಡಿಯನ್ನೂ ಒರೆಸಿ, ಸ್ಟೀರಿಂಗ್ ತಿರುಗಿಸಿದಾಗ ಬಾಗುವ ಜಾಗದಲ್ಲಿ ವೈರ್ ತುಂಡಾಗಿದೆಯೇ, ಕನೆಕ್ಟರ್ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿ. ಇತ್ತೀಚೆಗೆ ಚಕ್ರದ ಬೇರಿಂಗ್ ಬದಲಿಸಿದ್ದರೆ ಸೆನ್ಸರ್ ಓದುವ ಅದರ ಮ್ಯಾಗ್ನೆಟಿಕ್ ಮುಖ ತಿರುಗುಮುರುಗಾಗಿ ಕೂತಿರುವ ಸಾಧ್ಯತೆಯೂ ಉಂಟು.