ಹತ್ತನೇ ತಿಂಗಳು ಎಂದರೆ ಯಾವುದು?

ಓದುಗರ ಪತ್ರ: ಯುರೋಪ್ ಒಕ್ಕೂಟದ ದೇಶಗಳೆಲ್ಲ ಆಶ್ರಯದ ಅರ್ಜಿಗಳನ್ನು ಒಂದೇ ಕ್ರಮದಲ್ಲಿ ವಿಚಾರಿಸಬೇಕೆಂಬ ಹಟ ಏಕೆ? ಬೇಗ ಇತ್ಯರ್ಥವಾದರೆ ಸಾಲದೆ? ಕ್ರಮ ಹೆಚ್ಚಿದಷ್ಟೂ ವಕೀಲರಿಗೇ ಲಾಭ.

ಸಂಪಾದಕರ ಉತ್ತರ: ಬೇಗ ಆಗಬೇಕೆಂಬ ಮಾತು ಸರಿಯೇ. ವರ್ಷಗಟ್ಟಲೆ ಶಿಬಿರದಲ್ಲಿ ಕಾಯುವ ಪಾಡು ಯಾರಿಗೂ ಬೇಡ. ಒಕ್ಕೂಟದ 2013ರ ನಿರ್ದೇಶನ ಮೊದಲ ತೀರ್ಮಾನಕ್ಕೆ ಆರು ತಿಂಗಳ ಗಡುವು ಹಾಕಿತ್ತು. ಎಷ್ಟೇ ಎಳೆದರೂ 21 ತಿಂಗಳು ದಾಟುವಂತಿರಲಿಲ್ಲ. ಆದರೆ ಕ್ರಮವೆಂದರೆ ವಿಳಂಬ ಎಂದುಕೊಂಡಿರಲ್ಲ, ಅದನ್ನು ನಾನು ಒಪ್ಪಲಾರೆ.

ಅರ್ಜಿಯನ್ನು ಯಾವ ದೇಶ ವಿಚಾರಿಸಬೇಕೆಂದು ಗೊತ್ತುಮಾಡುವ ಡಬ್ಲಿನ್ ನಿಯಮದಡಿ ಅರ್ಜಿದಾರನಿಗೆ ದೇಶ ಆರಿಸಿಕೊಳ್ಳುವ ಅವಕಾಶವಿಲ್ಲ. ಕುಟುಂಬವೋ ವೀಸಾವೋ ಬೇರೆಡೆ ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲು ಕಾಲಿಟ್ಟ ದೇಶದಲ್ಲೇ ವಿಚಾರಣೆ. ಬೇರೆಡೆ ಹೋದರೆ ಯುರೋಡ್ಯಾಕ್ ಎಂಬ ಒಕ್ಕೂಟದ ದತ್ತಸಂಚಯದಲ್ಲಿರುವ ಬೆರಳಚ್ಚು ವಾಪಸು ಎಳೆದು ತರುತ್ತದೆ. ಹೀಗೆ ಒಂದೇ ಬಾಗಿಲಿಗೆ ಕಟ್ಟಿಹಾಕಿದ ಮೇಲೆ ಎಲ್ಲ ಬಾಗಿಲುಗಳಲ್ಲೂ ಒಂದೇ ಅಳತೆಗೋಲು ಇರಬೇಡವೆ? ಆದರೂ ಅಫ್ಘಾನರ ಅರ್ಜಿಗಳು ಒಂದು ದೇಶದಲ್ಲಿ ಬಹುಪಾಲು ಮಂಜೂರಾದರೆ ಇನ್ನೊಂದರಲ್ಲಿ ಬಹುಪಾಲು ತಿರಸ್ಕೃತವಾದದ್ದುಂಟು. 2011ರಲ್ಲಿ ಬೆಲ್ಜಿಯಂನಿಂದ ಗ್ರೀಸ್‌ಗೆ ಅಟ್ಟಲಾಗಿದ್ದ ಅಫ್ಘಾನ್ ಒಬ್ಬರ ಪ್ರಕರಣದಲ್ಲಿ ಮಾನವ ಹಕ್ಕುಗಳ ಯುರೋಪ್ ನ್ಯಾಯಾಲಯ ಎರಡೂ ದೇಶಗಳನ್ನು ತಪ್ಪಿತಸ್ಥ ಎಂದಿತು. ಗ್ರೀಸ್‌ನ ವಿಚಾರಣೆ ಹದಗೆಟ್ಟಿದ್ದು ಬೆಲ್ಜಿಯಂಗೆ ಗೊತ್ತಿತ್ತು.

ಕೆಡುವುದು ಎಲ್ಲಿ ಎಂಬುದನ್ನು ತುಸು ಹತ್ತಿರದಿಂದ ನೋಡಿ. ಅಫ್ಘಾನ್ ಅರ್ಜಿದಾರ "1394ರ ಹತ್ತನೇ ತಿಂಗಳಲ್ಲಿ ಮನೆಗೆ ನುಗ್ಗಿದರು" ಎನ್ನುತ್ತಾನೆ ಎಂದುಕೊಳ್ಳೋಣ. ಅವಸರದ ದುಭಾಷಿ "2015ರ ಅಕ್ಟೋಬರ್" ಎನ್ನುತ್ತಾನೆ. ಆತ ಎಣಿಸಿದ್ದು ಅಫ್ಘಾನರ ಸೌರ ಪಂಚಾಂಗದಲ್ಲಿ; ಅದರ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ. ಹತ್ತನೇ ತಿಂಗಳೆಂದರೆ 2015ರ ಡಿಸೆಂಬರ್ 22ರಿಂದ 2016ರ ಜನವರಿ 20. ಎರಡನೇ ಸಂದರ್ಶನದಲ್ಲಿ ಬೇರೆ ದುಭಾಷಿ ಸರಿಯಾಗಿ "ಜನವರಿ" ಎಂದರೆ ಕಡತದಲ್ಲಿ ಒಂದೇ ಘಟನೆಗೆ ಎರಡು ತಾರೀಖು. ಹೇಳಿಕೆಯಲ್ಲಿ ವಿರೋಧಾಭಾಸವಿದೆ, ನಂಬಲರ್ಹವಲ್ಲ ಎಂದು ಷರಾ ಬೀಳುತ್ತದೆ. ಇಥಿಯೋಪಿಯಾದವರ ಪಾಡು ಇನ್ನೂ ಕಷ್ಟ: ಅವರ ವರ್ಷಕ್ಕೆ 13 ತಿಂಗಳು, ಎಣಿಕೆ ಏಳೆಂಟು ವರ್ಷ ಹಿಂದೆ.

ಮದ್ದು ದುಬಾರಿಯದಲ್ಲ. ತಾರೀಖನ್ನು ಅವರು ಹೇಳಿದ ಪಂಚಾಂಗದಲ್ಲೇ ಬರೆದು, ಪರಿವರ್ತನೆಯನ್ನು ಪಕ್ಕದಲ್ಲಿಡಬೇಕು. ಚಳಿಗಾಲವೋ, ಹೊಸವರ್ಷಕ್ಕೆ ಎಷ್ಟು ದಿನವಿತ್ತೋ ಎಂದು ಕೇಳಬೇಕು. ಬರೆದುಕೊಂಡದ್ದನ್ನು ಏಳುವ ಮುಂಚೆ ಅವರ ಭಾಷೆಯಲ್ಲೇ ಸಾಲುಸಾಲಾಗಿ ಓದಿ ಹೇಳಬೇಕು. ಎರಡು ಹೇಳಿಕೆ ಹೊಂದದಿದ್ದರೆ ತೀರ್ಪಿಗೆ ಮುಂಚೆ ಅವರ ಮುಂದಿಟ್ಟು ವಿವರಣೆ ಕೇಳಬೇಕು. ಈ ಕೊನೆಯ ಹಕ್ಕು 2013ರಲ್ಲೇ ಇತ್ತು. ಆದರೆ ಅದು ನಿರ್ದೇಶನವಾದ್ದರಿಂದ ದೇಶಕ್ಕೊಂದು ಕಾನೂನು, ಕಾನೂನಿಗೊಂದು ಪಾಲನೆ. ಸಂದರ್ಶನದ ಧ್ವನಿಮುದ್ರಣವಂತೂ ಐಚ್ಛಿಕವಾಗಿತ್ತು. 2024ರ ನಿಯಮಾವಳಿ ಅದನ್ನು ಕಡ್ಡಾಯ ಮಾಡಿತು. 2026ರ ಜೂನ್ 12ರಿಂದ ಅನ್ವಯವೆಂದು ಗೊತ್ತುಮಾಡಿದ ಈ ನಿಯಮಾವಳಿ, ನಿರ್ದೇಶನದ ಹಾಗಲ್ಲದೆ, ಎಲ್ಲ ದೇಶಗಳಲ್ಲೂ ನೇರವಾಗಿ ಜಾರಿಯಾಗುವಂಥದ್ದು.

ವಕೀಲರ ಲಾಭದ ಮಾತೆತ್ತಿದಿರಿ. ಓದಿ ಹೇಳುವ ಒಂದು ಗಂಟೆ ಉಳಿಸಿದ ಕಚೇರಿಯೇ ತಿಂಗಳುಗಟ್ಟಲೆ ನಡೆಯುವ ಮೇಲ್ಮನವಿಯನ್ನು ಹುಟ್ಟುಹಾಕುತ್ತದೆ. ಬಾಯಲ್ಲಿ ಹೇಳಿದ್ದಕ್ಕಿಂತ ಕಾಗದದಲ್ಲಿ ಇಳಿದದ್ದೇ ಸತ್ಯ ಎಂಬ ಕಚೇರಿಗಳ ರೋಗ ಹಳೆಯದು. ಆಶ್ರಯದ ಕಡತದಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ನೀವು ಕೇಳಿದ ವೇಗವೂ ಹೊಸ ನಿಯಮಾವಳಿಯಲ್ಲಿದೆ: ಯಾವ ದೇಶದವರ ಅರ್ಜಿಗಳಲ್ಲಿ ಒಕ್ಕೂಟದಾದ್ಯಂತ ಶೇ 20 ಅಥವಾ ಅದಕ್ಕಿಂತ ಕಡಿಮೆ ಮಂಜೂರಾಗುತ್ತವೋ ಅವರಿಗೆ ಗಡಿಯಲ್ಲೇ 12 ವಾರದ ವಿಚಾರಣೆ, ಕೆಲವು ಬಗೆಯ ತಿರಸ್ಕಾರಕ್ಕೆ ಮೇಲ್ಮನವಿ ಸಲ್ಲಿಸಲು 5ರಿಂದ 10 ದಿನ. ಅಷ್ಟರೊಳಗೆ ಧ್ವನಿಮುದ್ರಣದ ಪ್ರತಿ ಪಡೆದು, ಹತ್ತನೇ ತಿಂಗಳೆಂದರೆ ಅಕ್ಟೋಬರ್ ಅಲ್ಲ ಎಂದು ಗುರುತಿಸಬಲ್ಲ ದುಭಾಷಿಯೊಬ್ಬನನ್ನು ವಕೀಲರು ಹುಡುಕಿ ತರಬೇಕು.