ಗೇಟಿನ ಬೀಗ ಕ್ಲಬ್ಬಿನದ್ದು, ಪಹಣಿ ಸರ್ಕಾರದ್ದು

ಮಾಸ್ತರೇ, ನಮಸ್ಕಾರ.

ನಿಮ್ಮ ಕಾಗದ ಸಿಕ್ಕಿತು. ಕುಮಟಾ ಹತ್ತಿರ ನಿಮ್ಮೂರ ಗುಡ್ಡದ ಮೇಲೆ ಹಳೇ ಕೋಟೆಗೋಡೆ ಇದೆ, ಆ ಸರ್ಕಾರಿ ಜಾಗವನ್ನು ಕ್ಲಬ್ಬೊಂದಕ್ಕೆ ಲೀಸಿಗೆ ಕೊಟ್ಟಿದ್ದಾರೆ, ಈಗ ಅಲ್ಲಿ ಗೇಟು, ವಾಚ್‌ಮನ್, 'ಸದಸ್ಯರಿಗೆ ಮಾತ್ರ' ಅನ್ನೋ ಬೋರ್ಡು. ಲೀಸ್ ಮುಗಿಯಲು ಇನ್ನೂ ಸಮಯ ಇದೆ, ಆದರೆ ಈಗಲೇ ಮುಂದುವರಿಸುವ ಮಾತು ನಡೆದಿದೆ. ಕೋರ್ಟಿಗೆ ಹೋದರೆ ಗೆಲ್ಲಬಹುದಾ ಅಂತ ಕೇಳಿದ್ದೀರಿ. ಜೊತೆಗೆ, ಕ್ಲಬ್ಬಿನವರು ಇಲ್ಲದಿದ್ದರೆ ಅಲ್ಲಿ ಬರೀ ಬಾಟಲಿ ಚೂರು ಇರುತ್ತಿತ್ತು ಅಂತ ನೀವೇ ಬರೆದಿದ್ದೀರಿ.

ಗೆಲ್ಲಬಹುದು. ಆದರೆ ಕೋರ್ಟಿಗಿಂತ ಮೊದಲು ಆ ಮುಂದುವರಿಸುವ ಮಾತನ್ನು ನಿಲ್ಲಿಸಿ. ಯಾಕೆ ಅಂತ ಹೇಳ್ತೇನೆ.

ಅಮೆರಿಕದ ಒಹಾಯೋ ರಾಜ್ಯದಲ್ಲಿ ನ್ಯೂವರ್ಕ್ ಅಂತ ಊರಿದೆ. ಅಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಆದಿವಾಸಿ ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ದಿಬ್ಬಗಳಿವೆ. 50 ಎಕರೆಯ ಎಂಟು ಮೂಲೆಯ ಆವರಣ, ಅದಕ್ಕೆ ಅಂಟಿಕೊಂಡ 20 ಎಕರೆಯ ವೃತ್ತ. 18.6 ವರ್ಷಕ್ಕೊಮ್ಮೆ ಚಂದ್ರ ಉತ್ತರದ ತುದಿಯಲ್ಲಿ ಹುಟ್ಟುವ ದಿಕ್ಕಿಗೆ ಸರಿಯಾಗಿ ಗುರಿ ಹಿಡಿದು ಕಟ್ಟಿದ್ದು. ಇಂಥ ಜಾಗವನ್ನು 1910ರಲ್ಲಿ ಗಾಲ್ಫ್ ಕ್ಲಬ್ಬಿಗೆ ಲೀಸಿಗೆ ಕೊಟ್ಟರು! ದಿಬ್ಬಗಳ ನಡುವೆ ಚೆಂಡು ಹೊಡೆದಾಟ. ಸಾರ್ವಜನಿಕರಿಗೆ ಪೂರ್ತಿ ತೆರೆದಿರುತ್ತಿದ್ದುದು ವರ್ಷಕ್ಕೆ ನಾಲ್ಕೇ ದಿನ. ಜಾಗದ ಒಡೆತನ 1933ರಲ್ಲಿ ರಾಜ್ಯದ ಇತಿಹಾಸ ಸಂಸ್ಥೆಗೆ ಬಂತು. ಆದರೆ ಅದೇ ಸಂಸ್ಥೆ 1997ರಲ್ಲಿ ಏನು ಮಾಡಿತು ಗೊತ್ತಾ? ಲೀಸನ್ನು 2078ರವರೆಗೆ ಎಳೆಯಲು ಅವಕಾಶ ಮಾಡಿ ಸಹಿ ಹಾಕಿಕೊಟ್ಟಿತು.

ಆ ಒಂದು ಸಹಿಯ ಬೆಲೆ ನೋಡಿ. ಯುನೆಸ್ಕೋ ಪಟ್ಟಿಗೆ ಸೇರಿಸಬೇಕು ಅಂತ ಹೊರಟಾಗ ಲೀಸ್ ಅಡ್ಡ ಬಂತು. 2018ರಲ್ಲಿ ಸಂಸ್ಥೆ ತನ್ನದೇ ಜಾಗದ ಲೀಸ್ ಹಕ್ಕನ್ನು ಭೂಸ್ವಾಧೀನದ ಕಾಯ್ದೆಯಲ್ಲಿ ವಾಪಸ್ ಪಡೆಯಲು ಕೋರ್ಟಿಗೆ ಹೋಗಬೇಕಾಯಿತು. ಕೆಳಗಿನ ಕೋರ್ಟು, ಮೇಲ್ಮನವಿ, 2022ರ ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಎಲ್ಲ ಕಡೆ ಸಂಸ್ಥೆಯೇ ಗೆದ್ದಿತು. ಆದರೂ ಪರಿಹಾರ ಎಷ್ಟು ಅನ್ನೋ ಜಗಳ 2024ರ ರಾಜಿಯವರೆಗೆ ಎಳೆಯಿತು. ಗೇಟು ತೆರೆದದ್ದು 2025ರ ಜನವರಿ 1ಕ್ಕೆ. ತನ್ನ ಮನೆಗೆ ತಾನೇ ದುಡ್ಡು ಕೊಟ್ಟು ಒಳಗೆ ಹೋದ ಹಾಗಾಯಿತು.

ಕ್ಲೀನಾಗಿ ಇಟ್ಟಿದ್ದಾರೆ ಅನ್ನೋ ಮಾತಿಗೂ ಅಲ್ಲೇ ಉತ್ತರ ಇದೆ. ನ್ಯೂವರ್ಕಿನ ಉಳಿದ ಎಷ್ಟೋ ದಿಬ್ಬಗಳು ಊರು ಬೆಳೆದು ಮಾಯವಾದವು, ಗಾಲ್ಫ್ ಮೈದಾನದೊಳಗಿನವು ಉಳಿದವು. ಇದು ನಿಜ, ಸುಮ್ನೆ ತಳ್ಳಿಹಾಕಬೇಡಿ. ಕಾವಲು ಕಾದದ್ದಕ್ಕೆ ಕೃತಜ್ಞತೆ ಇರಲಿ, ಅದಕ್ಕಾಗಿ ಬಾಗಿಲೇ ಬರೆದುಕೊಡಬೇಕಾಗಿಲ್ಲ ಅಲ್ವಾ? ದೆಹಲಿಯ ಡಿಫೆನ್ಸ್ ಕಾಲನಿಯಲ್ಲಿ ಲೋದಿ ಕಾಲದ ಶೇಖ್ ಅಲಿ ಗುಮ್ಟಿ ಅನ್ನೋ ಗುಮ್ಮಟದ ಕಟ್ಟಡವನ್ನು ನಿವಾಸಿಗಳ ಸಂಘ ದಶಕಗಳ ಕಾಲ ಆಫೀಸು ಮಾಡಿಕೊಂಡಿತ್ತು. ಒಳಗೆ ಫ್ಯಾನು, ಫಾಲ್ಸ್ ಸೀಲಿಂಗು ಬೇರೆ. ನಾವೇ ಕಾಪಾಡಿದ್ದು ಅನ್ನೋದು ಅವರ ವಾದವೂ ಆಗಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಖಾಲಿ ಮಾಡಿಸಿತು, 2025ರಲ್ಲಿ 40 ಲಕ್ಷ ರೂಪಾಯಿ ಕಟ್ಟಲು ಹೇಳಿತು.

ಈಗ ನಿಮ್ಮ ಗುಡ್ಡ. ಮೊದಲು ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಬೇರೆ ಹಕ್ಕುಗಳು ನೋಡಿ. ಒಂದು ವರ್ಷ ಮೀರಿದ ಲೀಸು ಸಾಮಾನ್ಯವಾಗಿ ನೋಂದಣಿ ಆಗಿರಬೇಕು, ಆಗಿದ್ದರೆ ಸಬ್‌ ರಿಜಿಸ್ಟ್ರಾರ್ ಆಫೀಸಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಗೊತ್ತಾಗುತ್ತದೆ. ಕರಾರಿನ ಪ್ರತಿಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು.

ಇನ್ನೊಂದು, ಗೋಡೆ ಸಂರಕ್ಷಿತ ಸ್ಮಾರಕದ ಪಟ್ಟಿಯಲ್ಲಿ ಇದೆಯಾ ನೋಡಿ. ಬನವಾಸಿಯ ಮಧುಕೇಶ್ವರನ ಹಾಗೆ ಕೇಂದ್ರದ ಪಟ್ಟಿಯಲ್ಲಿದ್ದರೆ ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ. ಆಚೆಗೆ ಇನ್ನೂ 200 ಮೀಟರ್ ಅನುಮತಿ ಬೇಕು. ಕೇಂದ್ರ, ರಾಜ್ಯ ಎರಡರ ಪಟ್ಟಿಯಲ್ಲೂ ಇಲ್ಲದಿದ್ದರೆ ನಿಮ್ಮ ವಾದದ ಬಲ ಸ್ವಲ್ಪ ಕಡಿಮೆ. ಆಗ 1961ರ ರಾಜ್ಯ ಕಾಯ್ದೆಯಡಿ ಸಂರಕ್ಷಿತ ಅಂತ ಘೋಷಿಸಲು ಪುರಾತತ್ವ ಇಲಾಖೆಗೆ ಊರವರೆಲ್ಲ ಸೇರಿ ಮನವಿ ಕೊಡಿ. ಗೋಡೆಯ ಫೋಟೋ, ಸರ್ವೆ ನಂಬರು ಜೊತೆಗಿರಲಿ.

ಲೀಸ್ ಮುಂದುವರಿಸಿಯೇ ಬಿಟ್ಟರೂ ದಾರಿ ಮುಚ್ಚಲಿಲ್ಲ. ಹಿಮಾಚಲದ ಬಿಯಾಸ್ ನದಿ ದಂಡೆಯ ಅರಣ್ಯ ಜಮೀನನ್ನು ಮೋಟೆಲಿಗೆ ಕೊಟ್ಟಿದ್ದ ಲೀಸನ್ನು ಸುಪ್ರೀಂ ಕೋರ್ಟು 1996ರಲ್ಲಿ ರದ್ದು ಮಾಡಿದೆ. ನದಿ, ಅರಣ್ಯದಂಥ ಸ್ವತ್ತಿಗೆ ಸರ್ಕಾರ ಬರೀ ಟ್ರಸ್ಟಿ, ಫಲಾನುಭವಿ ಜನ ಅಂತ. ಆದರೆ ಅದು ದೂರದ, ದುಬಾರಿ ದಾರಿ. ಹೊಸ ಕರಾರಿಗೆ ಸಹಿ ಬೀಳುವ ಮೊದಲೇ ಲಿಖಿತ ಆಕ್ಷೇಪ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಕೊಡಲೇಬೇಕು ಅಂತಾದರೆ ಅವಧಿ ಚಿಕ್ಕದಿರಲಿ, ಗೋಡೆ ಮತ್ತು ಅಲ್ಲಿಗೆ ಹೋಗುವ ದಾರಿ ಲೀಸಿನಿಂದ ಹೊರಗಿರಲಿ ಅಂತ ಅದರಲ್ಲೇ ಬರೆಯಿರಿ.

ಕರಾರು ಸಿಕ್ಕರೆ ನಮಗೂ ಒಂದು ಜೆರಾಕ್ಸ್ ಕಳಿಸಿ. ಅವಧಿ ಮುಂದುವರಿಸುವ ಷರತ್ತಿನ ಪುಟ ಮಾತ್ರ ಬಿಡಬೇಡಿ.

ನಿಮ್ಮ,
ಸಂಪಾದಕ