ಹಳೆಯ ಲಾರಿಯ ಎಡ ಇಂಡಿಕೇಟರ್ ಮಿನುಗುತ್ತಿಲ್ಲ: ಇಡೀ ವೈರಿಂಗ್ ಬದಲಿಸಬೇಕೇ?

ನಿಮ್ಮ 12 ವೋಲ್ಟ್‌ನ ಹಳೆಯ ಟಾಟಾ-ಮರ್ಸಿಡಿಸ್ ಲಾರಿಯಲ್ಲಿ ಬಲ ಇಂಡಿಕೇಟರ್ ಸರಿಯಾಗಿ ಹೊತ್ತಿ ಆರುತ್ತದೆ, ಎಡಕ್ಕೆ ಹಾಕಿದರೆ ಹಿಂದಿನ ದೀಪ ಮಂಕಾಗಿ ಉರಿದು ಹಾಗೆಯೇ ನಿಲ್ಲುತ್ತದೆ, ಪಾರ್ಕಿಂಗ್ ಲೈಟ್ ಹಾಕಿದೊಡನೆ ಅದೂ ಆರಿಹೋಗುತ್ತದೆ, ಬೀದರಿನ ಮೆಕ್ಯಾನಿಕ್ ಒಬ್ಬರು ವೈರಿಂಗ್ ಪೂರ್ತಿ ಬದಲಿಸಲು ಹೇಳಿದ್ದಾರೆ ಎಂದು ಬರೆದಿದ್ದೀರಿ. ಸದ್ಯಕ್ಕೆ ಬದಲಿಸಬೇಡಿ. ಕಲಬುರಗಿಯಲ್ಲಿ ಲಾರಿಗಳ ವೈರಿಂಗ್ ಕೆಲಸವನ್ನೇ ಮಾಡುವ ನನಗೆ, ನೀವು ಹೇಳಿದ ಕೊನೆಯ ಲಕ್ಷಣವೊಂದರಿಂದಲೇ ಹಿಂದಿನ ಎಡ ದೀಪದ ಅರ್ಥ್, ಅಂದರೆ ಕರೆಂಟ್ ಚಾಸಿಸ್ (ಲಾರಿಯ ಕಬ್ಬಿಣದ ಚೌಕಟ್ಟು) ಮೂಲಕ ಬ್ಯಾಟರಿಗೆ ಮರಳುವ ಸಂಪರ್ಕ, ಕಡಿದಿರಬೇಕೆಂದು ತೋರುತ್ತದೆ.

ಎರಡೂ ಬದಿಗೆ ಕರೆಂಟ್ ಒಂದೇ ಫ್ಲಾಷರಿನಿಂದ (ದೀಪವನ್ನು ಹೊತ್ತಿಸಿ ಆರಿಸುವ ಸಾಧನ) ಬರುವುದರಿಂದ, ಬಲಗಡೆ ಸರಿಯಿದ್ದ ಮೇಲೆ ಫ್ಲಾಷರ್ ಮತ್ತು ಫ್ಯೂಸನ್ನು ಸಂಶಯಿಸಬೇಕಾಗಿಲ್ಲ. ಅರ್ಥ್ ಇಲ್ಲದಾಗ 21 ವ್ಯಾಟ್‌ನ ಇಂಡಿಕೇಟರ್ ಬಲ್ಬಿನ ಕರೆಂಟ್, ಅದೇ ದೀಪದೊಳಗಿನ 5 ವ್ಯಾಟ್‌ನ ಪಾರ್ಕಿಂಗ್ ಫಿಲಮೆಂಟಿನ ಮೂಲಕ ಹಿಂದಕ್ಕೆ ಹರಿದು, ಉಳಿದ ಪಾರ್ಕಿಂಗ್ ಬಲ್ಬುಗಳನ್ನು ದಾಟಿ ಚಾಸಿಸ್ ಸೇರುತ್ತದೆ. ಆದ್ದರಿಂದಲೇ ಆ ಮಂಕು ಬೆಳಕು. ಪಾರ್ಕಿಂಗ್ ಹಾಕಿದಾಗ ಆ ದಾರಿಯಲ್ಲಿಯೂ 12 ವೋಲ್ಟ್ ಬಂದು ನಿಲ್ಲುವುದರಿಂದ ಎರಡೂ ತುದಿ ಸಮವಾಗಿ ಬಲ್ಬ್ ಆರುತ್ತದೆ. ಹಳೆಯ ಥರ್ಮಲ್ ಫ್ಲಾಷರ್ ಒಳಗಿನ ಪಟ್ಟಿ ಕರೆಂಟಿನ ಬಿಸಿಗೆ ಬಾಗಿ ಕೆಲಸ ಮಾಡುವಂಥದ್ದು. ಕರೆಂಟ್ ಕಡಿಮೆಯಾದರೆ ಮಿನುಗುವುದೇ ಇಲ್ಲ. ಅಂಥ ಫ್ಲಾಷರಿಗೆ ಎಲ್‌ಇಡಿ ಬಲ್ಬ್ ಹಾಕಿದವರಿಗೂ ಇದೇ ತೊಂದರೆ.

ಪರೀಕ್ಷೆ ಸುಲಭ. ಬ್ಯಾಟರಿಯ ನೆಗೆಟಿವ್ ಚಾಸಿಸ್‌ಗೆ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಎಡ ಇಂಡಿಕೇಟರ್ ಹಾಕಿ, ಉದ್ದನೆಯ ವೈರಿನ ಒಂದು ತುದಿಯನ್ನು ಆ ನೆಗೆಟಿವ್‌ಗೆ ಕಟ್ಟಿ, ಇನ್ನೊಂದನ್ನು ಬಲ್ಬ್ ಹೋಲ್ಡರಿನ ಲೋಹಕ್ಕೆ ಮುಟ್ಟಿಸಿ. ದೀಪ ಪೂರ್ತಿ ಬೆಳಗಿ ಮಿನುಗಿದರೆ ಕಾರಣ ಸಿಕ್ಕಿತು. ಮೀಟರ್ ಇದ್ದರೆ ಆ ವೈರ್ ತೆಗೆದು ಅದೇ ಎರಡು ಜಾಗಗಳ ನಡುವೆ ಅಳೆಯಿರಿ: ದೀಪ ಉರಿಯುತ್ತಿರುವಾಗ ಅರ್ಧ ವೋಲ್ಟ್ ಮೀರಬಾರದು.

ಹಳೆಯ ಲಾರಿಗಳ ಹಿಂದಿನ ಬಾಡಿ ಮರದ್ದು. ದೀಪದ ಬ್ರಾಕೆಟನ್ನು ಹಲಗೆಗೆ ಬಿಗಿದು ಅರ್ಥ್ ಸಿಕ್ಕಿತೆಂದು ಕೈತೊಳೆದುಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ಶಹಾಬಾದ್ ಕಲ್ಲು ಹೊರುವ ಲಾರಿಗಳಲ್ಲಂತೂ, ಮಳೆಗಾಲದ ಎರೆಮಣ್ಣು ಬೋಲ್ಟಿನ ಸಂದಿಯಲ್ಲಿ ಕೂತು ತುಕ್ಕು ಹಿಡಿಸಿ, ಇದ್ದ ಸಂಪರ್ಕವನ್ನೂ ಕೆಡಿಸುತ್ತದೆ. ಪ್ರತಿ ಹಿಂದೀಪಕ್ಕೂ 1.5 ಚದರ ಮಿಲಿಮೀಟರ್‌ನ ಪ್ರತ್ಯೇಕ ಅರ್ಥ್ ವೈರ್ ಎಳೆದು, ಚಾಸಿಸ್‌ನ ಬಣ್ಣ ಮತ್ತು ತುಕ್ಕನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ರಿಂಗ್ ಲಗ್ (ವೈರಿನ ತುದಿಗೆ ಹಾಕುವ, ಬೋಲ್ಟ್ ತೂರುವ ಲೋಹದ ಬಳೆ) ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಬಲಗಡೆಗೂ ಈಗಲೇ ಮಾಡಿಬಿಡಿ.

ಮುಟ್ಟಿಸಿದ ವೈರಿನಿಂದ ಏನೂ ಬದಲಾಗದಿದ್ದರೆ ಮಾತ್ರ ಹೋಲ್ಡರಿನ ಒಳಗಿನ ಹಸಿರು ತುಕ್ಕನ್ನು, ಅನಂತರ ಸ್ಟೀರಿಂಗ್ ಬಳಿಯ ಸ್ವಿಚ್ಚಿನಿಂದ ಹಿಂದಕ್ಕೆ ಬರುವ ವೈರನ್ನು ಟೆಸ್ಟ್ ಲ್ಯಾಂಪಿನಿಂದ (ಕರೆಂಟ್ ಇದ್ದರೆ ಉರಿಯುವ ಪರೀಕ್ಷಾ ದೀಪ) ನೋಡಿ. ಇಷ್ಟು ವರ್ಷಗಳಲ್ಲಿ ಎಷ್ಟೋ ಕೈ ಬದಲಾಗಿರುವ ಗಾಡಿಯಲ್ಲಿ ವೈರಿನ ಬಣ್ಣವನ್ನು ನಂಬಬೇಡಿ.